ಸೊರಬದ ಯಂತ್ರಕ್ಕೆ ಗೊತ್ತಿತ್ತು

"ನಾನು ಕಳಿಸಿದ್ದೀನಿ ಕಣ್ರೀ! ಇಪ್ಪತ್ತೇಳೂ ಕಳಿಸಿದ್ದೀನಿ!"

"ಒಂದೂ ಬಂದಿಲ್ರೀ! ಒಂದೇ ಒಂದೂ ಬಂದಿಲ್ಲ!"

ಶಿಕಾರಿಪುರದ ಕಂಪ್ಯೂಟರ್ ತರಬೇತಿ ಕೇಂದ್ರದ ಬಾಗಿಲಲ್ಲಿ ಏದುಸಿರು ಬಿಡುತ್ತಾ ನಿಂತಿದ್ದವನನ್ನು ಅಲ್ಲಿ ಕೆಲಸ ಮಾಡುವ ಗಂಗಾಶ್ರೀ ಮೊದಲ ಸಲ ಕಂಡಿದ್ದೇ ಹೀಗೆ... ಜಗಳದಲ್ಲಿ!

ದನಿ ಮಾತ್ರ ಮೂರು ತಿಂಗಳಿಂದ ಪರಿಚಯ. ಸೊರಬದ ಶಾಖೆಯಲ್ಲಿ ಪಾಠ ಮಾಡುವ ಮಹಾಂತೇಶ. ದಿನಾ ನಾಲ್ಕು ಗಂಟೆಗೆ ಫೋನಿನಲ್ಲಿ, "ಲೈನ್ ಜೋಡಿಸ್ಲಾ ಮೇಡಂ?" ಎನ್ನುತ್ತಿದ್ದ. ಆ ಮೆದು ದನಿಗಾಗಿ ಅವಳು ಮೂರೂವರೆಯಿಂದಲೇ ಗಡಿಯಾರ ನೋಡುತ್ತಿದ್ದಳು.

ಅದು 1999. ಎರಡೂ ಶಾಖೆಗಳ ಲಿನಕ್ಸ್ ಕಂಪ್ಯೂಟರುಗಳನ್ನು ಫೋನ್ ತಂತಿಯಲ್ಲಿ ಜೋಡಿಸಿ, ಸೊರಬದ ವಿದ್ಯಾರ್ಥಿಗಳ ಪರೀಕ್ಷಾ ಅರ್ಜಿಗಳನ್ನು ಶಿಕಾರಿಪುರಕ್ಕೆ ಕಳಿಸುವ ಪ್ರೋಗ್ರಾಮನ್ನು ಮಹಾಂತೇಶನೇ ಬರೆದಿದ್ದ. ಇಲ್ಲಿ ಅಚ್ಚಾಗಿ ಅವು ಶಿವಮೊಗ್ಗದ ಪರೀಕ್ಷಾ ಕಚೇರಿ ಸೇರಬೇಕು. ಕಳಿಸಿದ ದಿನ ಅವನ ಪರದೆ 'ಎಲ್ಲವೂ ರವಾನೆ' ಎಂದಿತು. ಆಮೇಲೆ ಮೂರು ದಿನ ಫೋನೇ ಸತ್ತಿತ್ತು. ಸೊರಬದವರು ನೇರ ಶಿವಮೊಗ್ಗಕ್ಕೇ ಕೊಟ್ಟಿರಬೇಕು ಎಂದುಕೊಂಡಳು ಇವಳು. ಗಡುವು ಮುಗಿದಿತ್ತು!

ಕೇಂದ್ರದ ಮಾಲೀಕ ಪಂಚಾಕ್ಷರಪ್ಪ ಮೇಜಿನ ಮೇಲೆ ಹಾಳೆ ತಳ್ಳಿದ.

"ಅರ್ಜಿ ಬಂದಿದ್ವು, ನನ್ನ ಕೈಯಾಗೆ ಕಳೆದುಹೋದ್ವು ಅಂತ ಬರೆದು ಸಹಿ ಹಾಕವ್ವ. ನಾಳೆ ಹುಡುಗರ ಮನೆಯವರು ಬರ್ತಾರೆ."

"ಹಾಕಲ್ಲ ಸಾರ್."

"ಕೆಲಸ ಹೋಗತ್ತೆ!"

"ಹೋಗ್ಲಿ! ಬರದೇ ಇದ್ದಿದ್ದನ್ನ ಬಂತು ಅಂತ ನಾನು ಬರೆಯಲ್ಲ."

ಮಹಾಂತೇಶ ತಲೆ ತಗ್ಗಿಸಿ ನಿಂತಿದ್ದ. 'ಒಂದು ಮಾತಾಡಬಾರದಾ ಇವನು?' ಅಳು ಬರುವ ಮೊದಲೇ ಅವಳು ಕೈ ಚಾಚಿದಳು.

"ನಿಮ್ಮ ಪ್ರೋಗ್ರಾಂ ಕೊಡ್ರಿ."

ಅವನು ಜೇಬಿನಿಂದ ಫ್ಲಾಪಿ ತೆಗೆದುಕೊಟ್ಟ. ಅವಳು ಸಾಲು ಸಾಲಾಗಿ ಓದಿದಳು. ಒಂದು ಕಡೆ ಬೆರಳು ನಿಂತಿತು.

ಕಂಪ್ಯೂಟರಿನ ಒಳಗೆ ಕೂತು ಎಲ್ಲ ಕೆಲಸವನ್ನೂ ನಡೆಸುವ ಮೂಲ ತಂತ್ರಾಂಶ ಕರ್ನಲ್. ನೆಟ್‌ವರ್ಕಿನ ಕಡೆಗೆ ಪ್ರೋಗ್ರಾಮು ತೆರೆದಿಟ್ಟುಕೊಳ್ಳುವ ಬಾಗಿಲು ಸಾಕೆಟ್. ಆ ಬಾಗಿಲಿಗೆ ಬಂದ ಎರರನ್ನು, ಅಂದರೆ ತಪ್ಪಾಗಿದೆ ಎಂಬ ಸುದ್ದಿಯನ್ನು, ಪ್ರೋಗ್ರಾಮಿಗೆ ಮುಟ್ಟಿಸಬೇಡ ಎಂದು ಕರ್ನಲ್‌ಗೆ ಹೇಳುವ ಸಾಲು ಅದು!

"ಇದನ್ನ ಯಾಕೆ ಹಾಕಿದ್ರಿ?"

"ಒಂದನೇ ಅರ್ಜಿ ಮುಟ್ಟಲಿಲ್ಲ ಅನ್ನೋ ಸುದ್ದಿ, ಎರಡನೇದನ್ನ ಕಳಿಸೋವಾಗ ಬರ್ತದೆ ಕಣ್ರೀ. ಪ್ರೋಗ್ರಾಂ ಅಲ್ಲೇ ನಿಂತುಬಿಡ್ತದೆ. ಹಿಂದಿನದರ ತಪ್ಪಿಗೆ ಮುಂದಿನದಕ್ಕೆ ಯಾಕೆ ಶಿಕ್ಷೆ? ಅಂಥ ಹಳೇ ಸುದ್ದೀನ ಕರ್ನಲ್ ನುಂಗಿಕೊಂಡು ಸುಮ್ಮನಿರ್ಬೇಕು."

"ಇರಬಾರದು!" ಅವಳು ಎದ್ದು ನಿಂತಳು. "ತಡವಾದ್ರೂ ಹೇಳ್ಲೇಬೇಕು! ಕೇಳಿ ಏನು ಮಾಡ್ಬೇಕು ಅನ್ನೋದು ಪ್ರೋಗ್ರಾಂ ಬರೆದವರ ಜವಾಬ್ದಾರಿ. ಮುಚ್ಚಿಡೋಕೆ ಕರ್ನಲ್ ಯಾರು?"

ಮಾತಿಗೇ ನಿಲ್ಲಲಿಲ್ಲ. ಅರ್ಜಿ ಪಡೆಯುವ ಪ್ರೋಗ್ರಾಮನ್ನು ನಿಲ್ಲಿಸಿದಳು. ಆ ಸಾಲನ್ನು ಅಳಿಸಿ, ಪಕ್ಕದ ಕಂಪ್ಯೂಟರಿನಿಂದ ಮಾದರಿ ಅರ್ಜಿಗಳನ್ನು ಕಳಿಸಿದಳು. ಎರಡನೇ ಅರ್ಜಿಗೇ ಪರದೆಯ ಮೇಲೆ ಮೂಡಿತು: 'ಕನೆಕ್ಷನ್ ರೆಫ್ಯೂಸ್ಡ್.'

"ಆವತ್ತು ಕರೆಂಟ್ ಹೋಗಿ ಬಂದ ಮೇಲೆ ಅರ್ಜಿ ಪಡೆಯೋ ಪ್ರೋಗ್ರಾಮನ್ನ ನಾನು ಮತ್ತೆ ಶುರು ಮಾಡಿರ್ಲಿಲ್ಲ. ಅದು ನನ್ನ ತಪ್ಪು, ಅದನ್ನ ಬರೆದುಕೊಡ್ತೀನಿ. ಆದ್ರೆ ತಗೊಳ್ಳೋರು ಇಲ್ಲ ಅಂತ ನಮ್ಮ ಯಂತ್ರ ಹೇಳಿತ್ತು. ನಿಮ್ಮ ಯಂತ್ರಕ್ಕೆ ಗೊತ್ತಿತ್ತು ಮಹಾಂತೇಶ್!"

ಅವನ ಮುಖ ಬಿಳಿಚಿಕೊಂಡಿತು. ಫ್ಲಾಪಿಯನ್ನೂ ಬಿಟ್ಟು ಸರಸರನೆ ಮೆಟ್ಟಿಲಿಳಿದು ಹೋದ.

'ಓಡಿಹೋದ...' ಆ ದಿನವೆಲ್ಲ ಗಂಗಾಶ್ರೀಗೆ ಊಟ ಸೇರಲಿಲ್ಲ. ಇಂಥವನ ಫೋನಿಗಾ ನಾನು ಕಾದಿದ್ದು? ಥೂ!

ಮರುದಿನ ಸೊರಬದಿಂದ ಬಂದ ಪೋಷಕರಲ್ಲಿ ಸುಂಕಲಮ್ಮನ ದನಿ ಎಲ್ಲರಿಗಿಂತ ಜೋರಾಗಿತ್ತು. "ನನ್ನ ಮಗಳ ಒಂದು ವರ್ಷ ಹಾಳಾಯ್ತಲ್ಲ! ಯಾರು ಮಾಡಿದ್ದು ಇದನ್ನ?"

ಪಂಚಾಕ್ಷರಪ್ಪನ ಬೆರಳು ಗಂಗಾಶ್ರೀಯ ಕಡೆ ಎದ್ದಿತು.

"ಅವರಲ್ಲ. ನಾನು."

ಬಾಗಿಲಲ್ಲಿ ಮಹಾಂತೇಶ! ಕಣ್ಣು ಕೆಂಪಾಗಿತ್ತು, ಅಂಗಿ ಧೂಳಾಗಿತ್ತು. ಹಿಂದಿನ ದಿನದಿಂದ ಮನೆಮನೆ ಅಲೆದು, ಇಪ್ಪತ್ತೇಳು ಹೊಸ ಅರ್ಜಿಗಳಿಗೆ ವಿದ್ಯಾರ್ಥಿಗಳ ಸಹಿ ಹಾಕಿಸಿ ತಂದಿದ್ದ.

"ಅರ್ಜಿ ಮುಟ್ಟಿಲ್ಲ ಅಂತ ಗೊತ್ತಾಗದ ಹಾಗೆ ಮಾಡಿದ್ದು ನಾನು. ಬರೆದು ತಂದಿದ್ದೀನಿ, ಸಹಿಯೂ ಹಾಕಿದ್ದೀನಿ."

"ಇಬ್ರೂ ನಾಳೆಯಿಂದ ಬರೋದು ಬೇಡ!" ಪಂಚಾಕ್ಷರಪ್ಪ ಅಬ್ಬರಿಸಿದ.

"ನಾಳೆ ಯಾಕೆ ಸಾರ್, ಈಗಲೇ ಹೊರಟ್ವಿ," ಎಂದಳು ಗಂಗಾಶ್ರೀ. ತನ್ನ ತಪ್ಪನ್ನೂ ಒಂದು ಹಾಳೆಯಲ್ಲಿ ಬರೆದು, ಅರ್ಜಿಗಳ ಕಟ್ಟನ್ನು ಎದೆಗವಚಿಕೊಂಡು ಶಿವಮೊಗ್ಗದ ಬಸ್ಸು ಹತ್ತಿದಳು. ಅವನೂ ಹತ್ತಿದ.

ಪರೀಕ್ಷಾ ಕಚೇರಿಯ ಅಧಿಕಾರಿ ಎರಡೂ ಪತ್ರಗಳನ್ನು ಎರಡೆರಡು ಸಲ ಓದಿದರು. "ತಪ್ಪನ್ನ ಇಷ್ಟು ಸ್ಪಷ್ಟವಾಗಿ ಬರೆದುಕೊಂಡು ಬಂದೋರನ್ನ ನಾನು ನೋಡಿಲ್ಲ," ಎನ್ನುತ್ತಾ, ಗಡುವು ಮುಗಿದಿದ್ದರೂ ಅರ್ಜಿಗಳ ಮೇಲೆ ಮೊಹರು ಒತ್ತಿದರು.

ಸಂಜೆ ಶಿರಾಳಕೊಪ್ಪದಲ್ಲಿ ಇಳಿದರು. ಅವಳ ಮನೆ ಅಲ್ಲೇ. ಅವನು ಸೊರಬದ ಬಸ್ಸು ಹಿಡಿಯಬೇಕು. ಬಸ್ಸು ಬಂತು... ಹೋಯಿತು. ಅವನು ಹತ್ತಲಿಲ್ಲ.

"ಒಂದು ಮಾತು ಹೇಳ್ಬೇಕಿತ್ತು... ಆದ್ರೆ ನಮ್ಮದು ಕುರಿ ಸಾಕೋ ಮನೆ. ನಿಮ್ಮಪ್ಪ ಏನಂತಾರೋ..."

"ನಮ್ಮಪ್ಪನ ಮಾತು ನಮ್ಮಪ್ಪ ಆಡ್ತಾರೆ. ನಿಮ್ಮ ಮಾತು ನೀವು ಆಡ್ರಿ!"

"ನಿಮ್ಮನ್ನ ಮದುವೆ ಆಗ್ಬೇಕು ಅಂತ ಆಸೆ."

ಗಂಗಾಶ್ರೀ ರಸ್ತೆ ದಾಟಿ ಅಪ್ಪನ ಬಟ್ಟೆ ಅಂಗಡಿಯ ಕಡೆ ನಡೆದೇಬಿಟ್ಟಳು. ಅವನು ಗಾಬರಿಯಿಂದ ಹಿಂದೆ ಓಡಿದ.

"ಅಪ್ಪಾಜಿ, ಇವರು ಮಹಾಂತೇಶ್. ನಾನು ಇವರನ್ನೇ ಮದುವೆ ಆಗೋದು."

ಬಟ್ಟೆ ಅಳೆಯುತ್ತಿದ್ದ ಮಲ್ಲೇಶಪ್ಪನವರ ಕೈ ನಿಂತಿತು. ಗಿರಾಕಿಗಳೂ ತಿರುಗಿ ನೋಡಿದರು.

"ಯಾವೂರು? ಯಾರ ಪೈಕಿ?"

"ಹೊಸಬಾಳೆ ಸಾರ್. ಕುರಿ ಸಾಕ್ತೀವಿ."

ಮಲ್ಲೇಶಪ್ಪ ಮಗಳನ್ನೇ ದಿಟ್ಟಿಸಿದರು. "ಮನೆಗೆ ನಡಿ ನೀನು."

"ಇಬ್ರೂ ಬರ್ತೀವಿ ಅಪ್ಪಾಜಿ."

ಮಲ್ಲೇಶಪ್ಪ ಬಟ್ಟೆ ಮಡಚಿಟ್ಟು, ಚಪ್ಪಲಿ ಮೆಟ್ಟಿ ಮನೆಯ ಕಡೆ ಮುಂದೆ ನಡೆದರು. ಬೇಡ ಎನ್ನಲಿಲ್ಲ!

ಮಹಾಂತೇಶ ಪಿಸುಗುಟ್ಟಿದ. "ಹೆದರಿಕೆ ಆಗ್ತಿದೆ ಕಣ್ರೀ..."

"ನಂಗೂ." ಅವಳು ನಡುಬೀದಿಯಲ್ಲೇ ಅವನ ಕೈ ಹಿಡಿದಳು. "ಬಿಡಬೇಡಿ."

"ಬಿಡಲ್ಲ."