ಸೀಸದ ಹುತ್ತ

ಹೊಂಬಾಳಮ್ಮ ಹೊಲದ ಬದುವಿನ ಮೇಲೆ ಬೋರಲು ಮಲಗಿ ನೆಲಕ್ಕೆ ಕಿವಿ ಕೊಟ್ಟಳು. ಒಳಗಿನಿಂದ ಬಾಣಲೆಯಲ್ಲಿ ಎಳ್ಳು ಹುರಿದಂಥ ಸದ್ದು ಬರುತ್ತಿತ್ತು.

"ಕೆಲ್ಸ ಮಾಡ್ತಾ ಅವೆ ಕಣ್ ಮೇಡಂ. ನಮ್ ಆಳುಗಳಂಗಲ್ಲ, ಬೀಡಿ ಸೇದಾಕೂ ಎದ್ದಿಲ್ಲ."

ಡಾ. ನಫೀಸಾ ನಕ್ಕರು. ಯಂತ್ರಗೆದ್ದಲು ಅವರದೇ ಸೃಷ್ಟಿ. ಎಳ್ಳಿನಷ್ಟು ಮೈ, ಆರು ಕಾಲು, ಸೀಸದ ವಾಸನೆ ಹಿಡಿಯುವ ಎರಡು ಮೀಸೆ. ಸೀಸದ ಕಣ ಸಿಕ್ಕರೆ ಅದನ್ನು ಅಂಟಿನಲ್ಲಿ ಅದ್ದಿ, ಮಣ್ಣಿನೊಂದಿಗೆ ಉಂಡೆ ಕಟ್ಟಿ, ಹೊಲದ ಮೂಲೆಯ ಉಕ್ಕಿನ ಗೂಟದ ಬುಡಕ್ಕೆ ಹೊತ್ತು ತರಬೇಕು. ಗೂಟದ ತಲೆಯ ಮೇಲಿನ ಸೌರಫಲಕವೇ ಅವುಗಳ ಅಡುಗೆಮನೆ. ಅಲ್ಲಿ ಚಾರ್ಜು ಉಂಡು ಮತ್ತೆ ಹೊರಡುತ್ತವೆ. ಅವಕ್ಕೆ ಕೊಟ್ಟಿದ್ದ ಆಜ್ಞೆ ಚಿಕ್ಕದು. ಊರಿನ ನಾಲ್ಕು ಎಲ್ಲೆಗಲ್ಲುಗಳ ಒಳಗಿನ ಸೀಸವನ್ನೆಲ್ಲ ತನ್ನಿ. ಹೆಚ್ಚಿರುವ ಕಡೆಗೆ ಮೊದಲು ಹೋಗಿ. ಮುಗಿಯುವ ತನಕ ನಿಲ್ಲಬೇಡಿ.

ಕೆಂಚನಪಾಳ್ಯದ ಮಣ್ಣಿಗೆ ಸೀಸ ಸೇರಿದ್ದು ಮೂವತ್ತು ವರ್ಷದ ಹಿಂದೆ. ಯಾರೋ ಪೇಟೆಯವರು ಲಾರಿಗಟ್ಟಲೆ ಹಳೇ ಬ್ಯಾಟರಿ ತಂದು ಇಲ್ಲಿ ಒಡೆಸಿದರು, ಸೀಸ ಕರಗಿಸಿದರು, ಆಸಿಡ್ಡನ್ನು ಕಾಲುವೆಗೆ ಬಿಟ್ಟರು, ಕೊನೆಗೊಂದು ದಿನ ಶೆಡ್ಡಿನ ತಗಡಿನ ಸಮೇತ ಮಾಯವಾದರು. ಮೊದಲು ಎರೆಹುಳ ಹೋದವು. ಆಮೇಲೆ ಕಪ್ಪೆ. ಕರುಗಳು ಕಣ್ಣು ಕಳೆದುಕೊಂಡು, ಗಾಣಕ್ಕೆ ಕಟ್ಟಿದಂತೆ ಬಯಲಲ್ಲಿ ಸುತ್ತುತ್ತಾ ಸತ್ತವು. ಸೊಪ್ಪು ಮಾತ್ರ ನಳನಳಿಸಿತು. ಪೇಟೆಯ ಮಂಡಿಯ ಬಾಗಿಲಿಗೆ ಲೋಹ ಮೂಸುವ ಕಮಾನು ಬಂದ ಮೇಲೆಯೇ ಅದರ ಬಣ್ಣ ಬಯಲಾದದ್ದು. ಹೊಂಬಾಳಮ್ಮನ ದಂಟಿನ ಕಟ್ಟು ಕಂಡೊಡನೆ ಕಮಾನು ಹೆತ್ತ ತಾಯಿ ಸತ್ತಂತೆ ಅರಚಿತು.

ಗೂಟದ ಸುತ್ತ ಮಣ್ಣು ಏರಿತು. ಮೊಣಕಾಲೆತ್ತರ ಆಗುವಷ್ಟರಲ್ಲೇ ಯಾರೋ ಅರಿಶಿನ ಹಚ್ಚಿದ್ದರು.

"ಇದು ಸೀಸದ ಗುಡ್ಡೆ ಅಮ್ಮಾ. ದೇವರಲ್ಲ," ಎಂದರು ನಫೀಸಾ.

"ಗೊತ್ತು ಮೇಡಂ. ಆದ್ರೆ ಅದಕ್ಕೆ ಗೊತ್ತಾ?"

ವಾರಕ್ಕೊಮ್ಮೆ ಗುಡ್ಡೆ ಒಡೆದು ಡ್ರಮ್ಮಿಗೆ ತುಂಬಿ ಸಾಗಿಸಬೇಕೆಂದು ಯೋಜನೆ. ಹಾರೆ ಹಿಡಿದು ಬಂದ ಆಳುಗಳು ಚಪ್ಪಲಿ ಬಿಟ್ಟು, ಕೈ ಮುಗಿದು, ಹಾರೆಯನ್ನು ಅಲ್ಲೇ ಒರಗಿಸಿ ಹೋದರು. ಹುತ್ತ ಒಡೆಯುವ ಕೈ ಆ ಸೀಮೆಯಲ್ಲೇ ಇರಲಿಲ್ಲ. ನಫೀಸಾ ತಂತಿಬೇಲಿ ಹಾಕಿಸಿ ತಲೆಬುರುಡೆಯ ಬೋರ್ಡು ತೂಗಿಸಿದರು. ಮರುದಿನ ತಲೆಬುರುಡೆಗೂ ಕುಂಕುಮ ಬಿತ್ತು. ಎರಡನೇ ತಿಂಗಳು ಹುತ್ತ ಆಳೆತ್ತರವಾದಾಗ ನಿಜವಾದ ನಾಗರಹಾವೊಂದು ಬಂತು, ಬಾಯಿಯೊಳಗೆ ಇಣುಕಿತು, ಬಂದ ದಾರಿಯಲ್ಲೇ ಹಿಂದಕ್ಕೆ ಹೋಯಿತು. ಊರಿನಲ್ಲಿ ನಫೀಸಾರ ಮಾತನ್ನು ನಂಬಿದ್ದು ಅದೊಂದೇ.

ಹೊಲ ಶುದ್ಧವಾಯಿತು. ಹೊಂಬಾಳಮ್ಮನ ಸೊಪ್ಪು ಕಮಾನಿನಡಿ ಹಾದಾಗ ಅದು ಉಸಿರೆತ್ತಲಿಲ್ಲ. ಆದರೆ ಗೆದ್ದಲು ನಿಲ್ಲಲಿಲ್ಲ. ಅವುಗಳ ಸಾಲು ಎಳೆದ ಬೆರಳುದಪ್ಪದ ಮಣ್ಣಿನ ಗೆರೆಗಳು ಹೊಲ ದಾಟಿ, ಹಳ್ಳ ದಾಟಿ, ನೇರ ಸ್ಮಶಾನಕ್ಕೆ ಹೋದವು. ಎಲ್ಲ ಗೋರಿಗಳಿಗಲ್ಲ. ಒಂಬತ್ತಕ್ಕೆ ಮಾತ್ರ.

"ನಮ್ಮೂರಾಗೆ ಬ್ಯಾಟರಿ ಒಡೀತಿದ್ದೋರು ಒಂಬತ್ತೇ ಜನ," ಎಂದಳು ಹೊಂಬಾಳಮ್ಮ.

ನಫೀಸಾ ಒಂದು ಗೆರೆಯ ಪಕ್ಕ ಕುಕ್ಕರಿಸಿದರು. "ಎಲುಬಿಗೆ ಸೀಸಕ್ಕೂ ಸುಣ್ಣಕ್ಕೂ ವ್ಯತ್ಯಾಸ ತಿಳಿಯಲ್ಲ ಅಮ್ಮಾ. ಸುಣ್ಣ ಅಂದ್ಕೊಂಡು ಒಳಗೆ ಬಚ್ಚಿಡುತ್ತೆ. ಮನುಷ್ಯ ಹೋದ್ರೂ ಅದು ಹೋಗಲ್ಲ. ಇವು ಅದನ್ನೂ ತರ್ತಾ ಇವೆ."

ಒಂಬತ್ತರಲ್ಲಿ ಒಂದು ಗೋರಿ ಹೊಂಬಾಳಮ್ಮನ ಗಂಡ ಕರಿಯಣ್ಣನದು. ಅಲ್ಲಿಂದ ಹೊಲದ ಕಡೆಗೆ ತೆವಳಿದ್ದ ಗೆರೆಯನ್ನು ಅವಳು ದಿಟ್ಟಿಸಿದಳು. "ಇದ್ದಾಗ ಒಂದಿನ ಹೊಲದ್ ಕಡೆ ತಲೆ ಹಾಕ್ನಿಲ್ಲ. ಈಗ್ ಹೊಂಟವ್ನೆ ನೋಡಿ, ಚೂರುಚೂರಾಗಿ."

ಸ್ಮಶಾನ ಮುಗಿದ ಮೇಲೆ ಗೆರೆಗಳು ಊರಿಗೆ ತಿರುಗಿದವು.

ಕೆಲವು ಬಾಗಿಲುಗಳನ್ನು ಬಿಟ್ಟು ಕೆಲವನ್ನು ಹಿಡಿದವು. ಬಿಟ್ಟ ಮನೆಯವರಿಗೆ ಸಮಾಧಾನ, ಜೊತೆಗೆ ಕೊಂಚ ಅವಮಾನ. ಹೊಂಬಾಳಮ್ಮನ ಹೊಸ್ತಿಲು ದಾಟಿದ ದಿನ ಅವಳಿಗೆ ಆಶ್ಚರ್ಯವಾಗಲಿಲ್ಲ. ಮೂವತ್ತು ವರ್ಷ ಆ ನೆಲದ ಸೊಪ್ಪು ತಿಂದವಳು. ತನಗೇ ಬಂದಿವೆ ಎಂದುಕೊಂಡು ಪಡಸಾಲೆಯಲ್ಲಿ ಚಾಪೆ ಹಾಸಿ ಅಡ್ಡಲಾಗಿ ಮಲಗಿದಳು. ಗೆರೆ ಚಾಪೆಯನ್ನು ಸುತ್ತು ಹಾಕಿ ಒಳಮನೆಗೆ ಹೋಯಿತು. ಸೊಸೆ ಸರ್ವಮಂಗಳೆಯ ಮಂಚದ ಕಾಲು ಹತ್ತಿತು.

ಸೊಸೆಗೆ ಆಗ ಏಳು ತಿಂಗಳು.

"ಅತ್ತೆ," ಎಂದಳು ಅವಳು ಬೆಳಿಗ್ಗೆ ಎದ್ದು, ಎರಡೂ ಕೈ ಚಾಚಿ. "ನನ್ ಉಗುರು ನೀವ್ ತೆಗೆದ್ರಾ?"

ಹತ್ತು ಉಗುರುಗಳೂ ಕಣ್ಣಿಗೊತ್ತಿಕೊಳ್ಳುವಷ್ಟು ನಯವಾಗಿದ್ದವು. ಜಡೆಯ ತುದಿಯೂ ದಾರ ಹಿಡಿದು ಕತ್ತರಿಸಿದಂತೆ ಸಮವಾಗಿತ್ತು. ಹೊಂಬಾಳಮ್ಮ ನಫೀಸಾರಿಗೆ ಫೋನು ಮಾಡಿದಳು.

ನಫೀಸಾ ರಕ್ತವನ್ನು ಎರಡೆರಡು ಸಲ ಪರೀಕ್ಷಿಸಿದರು. "ಮೈಯೊಳಗಿನ ಸೀಸ ಸ್ವಲ್ಪ ಸ್ವಲ್ಪ ಉಗುರು, ಕೂದಲು, ಬೆವರಿಗೆ ಬರುತ್ತೆ. ಅಷ್ಟನ್ನ ಮಾತ್ರ ಅವು ಒಯ್ತಾ ಇವೆ. ಆದ್ರೆ ಇಷ್ಟೊಂದು ಇವಳಿಗೆ ಎಲ್ಲಿಂದ ಬಂತು? ಮದುವೆಯಾಗಿ ಎರಡು ವರ್ಷ, ಹೊಲಕ್ಕೆ ಕಾಲಿಟ್ಟಿಲ್ಲ ಅಂತೀರಿ. ಏನು ತಿಂತಾಳೆ?"

ಸರ್ವಮಂಗಳೆ ಅತ್ತೆಯ ಮುಖ ನೋಡಿದಳು. ಅತ್ತೆ ಗೋಡೆ ನೋಡಿದಳು.

"ಬಸುರಿ ಬಯಕೆ ಮೇಡಂ," ಎಂದಳು ಹೊಂಬಾಳಮ್ಮ ಕೊನೆಗೆ. "ಮಣ್ ತಿನ್ಬೇಕು ಅಂತಿದ್ಲು. ಗೋಡೆ ಕೆರ್ಕೊಂಡ್ ತಿಂತಿದ್ಲು. ತಿನ್ನೋದೇ ಆದ್ರೆ ಒಳ್ಳೇ ಮಣ್ ತಿನ್ಲಿ ಅಂತ, ಹುತ್ತದ್ದು... ದಿನಾ ಒಂದ್ ಚಿಟಿಕೆ, ಎಲೆ ಮೇಲಿಟ್ಟು. ಹೆರಿಗೆ ಸಲೀಸಾಗ್ಲಿ ಅಂತ. ನಾನೇ ಬೇಲಿ ನುಸುಳಿ ತಂದೆ."

ಇಡೀ ಊರಿನ ಮೂವತ್ತು ವರ್ಷದ ವಿಷವನ್ನು ಒಂದು ಕಡೆ ರಾಶಿ ಹಾಕಿಕೊಟ್ಟವರು ನಫೀಸಾ. ಅವರು ಬೈಯಲಿಲ್ಲ. ಮೆಲ್ಲಗೆ ಹೇಳಿದರು: "ತಾಯಿ ರಕ್ತದಲ್ಲಿರೋದು ಮಗೂಗೂ ಹೋಗುತ್ತೆ. ಅದರ ಮೆದುಳು ಈಗ ಬೆಳೀತಾ ಇದೆ."

"ಆ ಕರುಗಳಂಗೆ ಸುತ್ತುತ್ತಾ?"

ನಫೀಸಾ ಚೀಟಿ ಬರೆಯತೊಡಗಿದರು. ಮಣ್ಣು ಈ ಕ್ಷಣದಿಂದ ಬಂದ್, ಊರಿನಿಂದ ದೂರ ಇರಬೇಕು, ಆಸ್ಪತ್ರೆಯವರು ವಾರವಾರ ನೋಡಬೇಕು, ರಾಗಿ, ಹಾಲು ಚೆನ್ನಾಗಿ ಕೊಡಬೇಕು ಎಂದರು.

ಅವತ್ತೇ ಸಂಜೆ ಸರ್ವಮಂಗಳೆ ತವರಿಗೆ ಹೊರಟಳು. ಗೆರೆಯೊಂದು ಅವಳ ಹಿಂದೆಯೇ ಎಲ್ಲೆಗಲ್ಲಿನ ತನಕ ಬಂದು ನಿಂತಿತು. ಆಜ್ಞೆ ಅಲ್ಲಿಗೆ ಮುಗಿಯುತ್ತಿತ್ತು. ಗೆದ್ದಲುಗಳು ಕಲ್ಲಿನ ಬುಡದಲ್ಲಿ ಸಾಲಾಗಿ ಕೂತು, ಬಸ್ಸು ಹೋದ ದಿಕ್ಕಿಗೆ ಮೀಸೆ ಆಡಿಸುತ್ತಿದ್ದವು.

ಮರುದಿನ ಹೊಂಬಾಳಮ್ಮ ಹಾರೆ ಹಿಡಿದು ಬೇಲಿಯೊಳಗೆ ಹೋದಳು. ಊರು ದೂರ ನಿಂತು ನೋಡಿತು. "ತಪ್ಪಾಯ್ತು ಅನ್ನಲ್ಲ," ಎಂದಳು ಹುತ್ತಕ್ಕೆ. "ನೀನೂ ಅನ್ಬ್ಯಾಡ." ಮೊದಲ ಏಟಿಗೆ ಆಕಾಶ ಬೀಳಲಿಲ್ಲ. ನಫೀಸಾ ಕಟ್ಟಿಸಿದ್ದ ಮುಖಗವಸನ್ನು ಅವಳು ಒಂದು ಗಂಟೆ ಸಹಿಸಿ, ಎಲೆಅಡಿಕೆ ಹಾಕಲು ಆಗುವುದಿಲ್ಲವೆಂದು ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮೂರು ದಿನ ಆ ಬೂದುಬಣ್ಣದ ಧೂಳಿನಲ್ಲಿ ಅಗೆದಳು. ಹದಿನಾಲ್ಕು ಡ್ರಮ್ಮು ಊರು ಬಿಟ್ಟವು. ಅದರಲ್ಲಿ ಕರಿಯಣ್ಣನೂ ಒಂದಿಷ್ಟು ಇದ್ದ.

"ಇನ್ನು ಗೆದ್ದಲು ನಿಲ್ಲಿಸ್ತೀನಿ," ಎಂದರು ನಫೀಸಾ.

"ನಿಲ್ಲಿಸ್ಬ್ಯಾಡಿ. ನಿಮ್ ಮೀಟ್ರು ಹೊಲ ನೋಡ್ತು, ಸೊಪ್ಪು ನೋಡ್ತು. ನನ್ ಸೊಸೇನ ನೋಡ್ದೋವು ಇವೇಯ. ಮಗೂನೂ ನೋಡ್ಲಿ."

ಅಗೆತದಲ್ಲಿ ಚೆದುರಿದ ಧೂಳನ್ನು ಆಯುವುದರಲ್ಲೇ ಗೆದ್ದಲುಗಳಿಗೆ ತಿಂಗಳುಗಳು ಹಿಡಿದವು. ಐದು ತಿಂಗಳ ಕೂಸನ್ನು ಎತ್ತಿಕೊಂಡು ಸರ್ವಮಂಗಳೆ ಮರಳಿದ ದಿನ ತೊಟ್ಟಿಲ ಶಾಸ್ತ್ರ. ನಫೀಸಾ ಆಸ್ಪತ್ರೆಯ ಕಾಗದ ಹಿಡಿದು ಬಂದಿದ್ದರು. ತಾಯಿಯ ರಕ್ತದಲ್ಲಿ ಸೀಸ ಇಳಿದಿದೆ, ಮಗುವಿನ ರಕ್ತ ಚೆನ್ನಾಗಿದೆ ಎಂದು ಅದರಲ್ಲಿತ್ತು. ಹೊಂಬಾಳಮ್ಮ ಅದನ್ನು ತಾಂಬೂಲದ ತಟ್ಟೆಯ ಕೆಳಗಿಟ್ಟಳು. ಯಾರೂ ಓದಲಿಲ್ಲ. ಎಲ್ಲರ ಕಣ್ಣು ಹೊಸ್ತಿಲ ಮೇಲೆ.

ಹಾಡಹಗಲು, ಹನ್ನೊಂದು ಗಂಟೆಗೆ, ಗೆರೆ ಒಳಗೆ ಬಂತು. ಹೆಂಗಸರು ಸೀರೆ ಎತ್ತಿ ದಾರಿ ಬಿಟ್ಟರು. ಕಂಬದ ಬುಡದಲ್ಲಿ ಅದು ಎರಡಾಗಿ ಕವಲೊಡೆಯಿತು. ಒಂದು ಅಲ್ಲೇ ನಿಂತಿತು. ಇನ್ನೊಂದು ಕಂಬ ಹತ್ತಿ, ತೊಲೆ ಹಿಡಿದು, ತೊಟ್ಟಿಲ ಹಗ್ಗದಲ್ಲಿ ಇಳಿಯಿತು. ಮನೆ ತುಂಬ ಎಳ್ಳು ಹುರಿಯುವ ಸದ್ದು. ಸರ್ವಮಂಗಳೆ ಮುಂದಕ್ಕೆ ಹಾರಲು ಹೋದಳು; ಹೊಂಬಾಳಮ್ಮ ಅವಳ ರಟ್ಟೆ ಹಿಡಿದಳು. ಮೊದಲ ಗೆದ್ದಲು ಕೂಸಿನ ಹಿಮ್ಮಡಿಗೆ ಮೀಸೆ ತಾಗಿಸಿತು. ಕಾಲ್ಬೆರಳುಗಳ ಉಗುರನ್ನು ಒಂದೊಂದಾಗಿ ಮೂಸಿತು. ಕಚಗುಳಿಯಾಗಿ ಕೂಸು ಕಾಲು ಕೊಡವಿತು.

ಗೆದ್ದಲು ತಿರುಗಿತು. ಗೆರೆ ಬಂದ ದಾರಿಯಲ್ಲೇ ಹಗ್ಗ ಹತ್ತಿ, ತೊಲೆ ದಾಟಿ, ಕಂಬ ಇಳಿದು, ಕೆಳಗೆ ಕಾದಿದ್ದ ಇನ್ನೊಂದನ್ನು ಸೇರಿಕೊಂಡಿತು. ಎರಡೂ ಒಂದಾಗಿ, ಯಾರನ್ನೂ ಕೇಳದೆ, ನೇರ ಹೊಂಬಾಳಮ್ಮನ ಕಾಲಿನ ಹೆಬ್ಬೆರಳಿಗೆ ಬಂದವು.

ನಫೀಸಾ ತಟ್ಟನೆ ಎದ್ದರು. "ಮುಖಗವಸು... ಅಮ್ಮಾ, ನಾಳೆ ಆಸ್ಪತ್ರೆಗೆ ಬರಲೇಬೇಕು."

"ಬತ್ತೀನಿ ಬಿಡಿ. ಮೊದ್ಲು ಮಗೀಗ್ ಹೆಸರಿಡಾನ."

ಹೊಂಬಾಳಮ್ಮ ಗೋಡೆಗೊರಗಿ ಕೂತು, ಎರಡೂ ಕಾಲನ್ನು ಉದ್ದಕ್ಕೆ ಚಾಚಿದಳು.

"ಕಾಲಿನ್ ಉಗುರಿಂದ್ಲೇ ಸುರು ಮಾಡ್ರಪ್ಪಾ," ಎಂದಳು ಗೆದ್ದಲುಗಳಿಗೆ. "ಕೈದು ನಾನೇ ತಕ್ಕೋತೀನಿ. ಬಗ್ಗಾಕಾಗಲ್ಲ ನನಗೆ."