ಬೇಕರಿ ವ್ಯಾನಿನ ಕರೆಂಟು ಕಳ್ಳ

"ದೊಡ್ಡಮ್ಮ, ನನ್ನ ತಮ್ಮನ್ನ ಇವತ್ತೇ ಕೆಲಸದಿಂದ ಓಡಿಸ್ತಾರಂತೆ!"

ಬೇಕರಿಯವರ ಹೆಂಡತಿ ಹೀಗೆ ನುಗ್ಗಿ ಬಂದಾಗ ನಾನಿನ್ನೂ ಅಂಗಡಿಯ ಶಟರನ್ನು ಪೂರ್ತಿ ಎತ್ತಿರಲಿಲ್ಲ. ಸ್ಪೇರ್ ಪಾರ್ಟ್ಸ್ ಅಂಗಡಿ ನನ್ನ ದೊಡ್ಡಮ್ಮನದು. ಗಾಡಿ ಕೆಟ್ಟರೂ ಮನೆಯ ನೆಮ್ಮದಿ ಕೆಟ್ಟರೂ ಬೀದಿಯವರು ಬರುತ್ತಿದ್ದುದು ಆಕೆಯ ಹತ್ತಿರಕ್ಕೇ. ಕರೆಂಟು ಅಳೆಯುವ ಆಕೆಯ ಮೀಟರು ಹೊರುವ ಭಾಗ್ಯ ನನ್ನದು, ಅದನ್ನು ಯಾರಿಗೂ ಬಿಟ್ಟುಕೊಟ್ಟವಳಲ್ಲ ನಾನು.

ಬೇಕರಿಯ ವ್ಯಾನ್ ಓಡಿಸುತ್ತಿದ್ದವನು ಈಕೆಯ ತಮ್ಮ. ಚಳಿ ಶುರುವಾದ ಮೇಲೆ ಕೆಲವು ದಿನ ಬೆಳಿಗ್ಗೆ ವ್ಯಾನ್ ಸ್ಟಾರ್ಟೇ ಆಗುತ್ತಿರಲಿಲ್ಲ. ಹೊಸ ಬ್ಯಾಟರಿ ಹಾಕಿದರೂ ಅದೇ ಹಣೆಬರಹ. ಎದುರು ಬೇಕರಿಯವರು ಅವನನ್ನು ಕೆಲಸಕ್ಕೆ ಕರೆದಿದ್ದರು. ಅವರ ಮಾತಿಗೆ ಮರುಳಾಗಿ ಇವನೇ ಬ್ಯಾಟರಿ ಖಾಲಿ ಮಾಡುತ್ತಿದ್ದಾನೆಂದು ಅವನ ಭಾವ, ಅಂದರೆ ಬೇಕರಿ ಯಜಮಾನರು, ತೀರ್ಮಾನಿಸಿಬಿಟ್ಟಿದ್ದರು.

"ಸಂಜೆ ಕೀಲಿ ಎಲ್ಲಿರುತ್ತೆ?" ದೊಡ್ಡಮ್ಮ ಕೇಳಿದಳು.

"ಅಡುಗೆಮನೆ ಮೊಳೆಗೆ ಹಾಕಿ ತಮ್ಮ ತನ್ನ ಮನೆಗೆ ಹೋಗ್ತಾನೆ."

"ಯಾವ ದಿನ ಕೈಕೊಡುತ್ತೆ?"

"ಹಿಂದಿನ ರಾತ್ರಿ ಚಳಿ ಜೋರಾಗಿದ್ರೆ. ಅಂಥ ರಾತ್ರೀನೇ ನಮ್ಮ ದಪ್ಪ ರಗ್ಗೂ ಕಾಣೆಯಾಗುತ್ತೆ. ಎಲ್ಲಾ ಗ್ರಹಚಾರ!"

ದೊಡ್ಡಮ್ಮನ ಕಣ್ಣು ಮಿನುಗಿತು. ನಾನು ಮೀಟರು ಕೈಗೆತ್ತಿಕೊಂಡೆ, ಆ ಕಣ್ಣು ಸುಮ್ಮಸುಮ್ಮನೆ ಮಿನುಗುವುದಲ್ಲ.

ಬೇಕರಿಯ ಅಂಗಳದಲ್ಲಿ ಯಜಮಾನರು ಕೆಂಡವಾಗಿದ್ದರು. "ಉಂಡ ಮನೆಯ ಜಂತೆ ಎಣಿಸೋನು ಇವನು!"

"ಅವರು ಕರೆದಿದ್ದು ನಿಜ, ನಾನು ಬರಲ್ಲ ಅಂದಿದ್ದೂ ನಿಜ," ಎಂದ ತಮ್ಮ. ನನಗೆ ಅಯ್ಯೋ ಎನ್ನಿಸಿತು.

ಕೀಲಿ ತಿರುಗಿಸಿದರೆ ಬರೀ ಟಕ್ ಟಕ್. ಹೆಡ್‌ಲೈಟು ಮಂಕು. ಬ್ಯಾಟರಿಯ ಟರ್ಮಿನಲ್ಲುಗಳು ಬಿಗಿಯಾಗಿದ್ದವು, ಬಿಳಿ ಪುಡಿ ಕಟ್ಟಿರಲಿಲ್ಲ. ನಮ್ಮ ಕಾರಿನಿಂದ ಕೇಬಲ್ ಕೊಟ್ಟೊಡನೆ ಇಂಜಿನ್ ಗುಡುಗಿತು. ಮೀಟರು ಹಿಡಿದರೆ ಡೈನಮೋ ಸರಿಯಾಗಿಯೇ ಚಾರ್ಜ್ ಮಾಡುತ್ತಿತ್ತು. ಸ್ವಲ್ಪ ಹೊತ್ತಿಗೆ ಇಂಜಿನ್ ನಿಲ್ಲಿಸಿ, ಬಾಗಿಲು ಮುಚ್ಚಿ ಮತ್ತೆ ನೋಡಿದೆವು. ಎಲ್ಲಿಯೂ ಕರೆಂಟು ಸೋರುತ್ತಿರಲಿಲ್ಲ.

ಆಮೇಲೆ ದೊಡ್ಡಮ್ಮ ವ್ಯಾನಿನ ಹಿಂಬಾಗಿಲು ತೆಗೆದು ಮೂಗು ಅರಳಿಸಿದಳು. ಒಳಗೆ ಹುಳಿ ವಾಸನೆ. ಒಳಪಕ್ಕಕ್ಕೆ ಕೂರಿಸಿದ್ದ ದೀಪದ ಕವರು ಕಾವಿಗೆ ಹಳದಿಯಾಗಿತ್ತು, ಅದರ ಸ್ವಿಚ್ಚಿನ ಮೇಲೆ ಮೈದಾ ಮೆತ್ತಿದ ಹೆಬ್ಬೆರಳ ಗುರುತು, ಕೆಳಗೆ ಹಿಟ್ಟಿನ ದುಂಡನೆಯ ಗೆರೆ. ಇಷ್ಟನ್ನೂ ನಾನು ಕಣ್ಣಾರೆ ಕಂಡೆ, ತಲೆಬುಡ ತಿಳಿಯಲಿಲ್ಲ.

"ಎಲ್ಲರೂ ಒಲೆ ಹತ್ತಿರ ಬನ್ನಿ," ಎಂದಳು ದೊಡ್ಡಮ್ಮ. ಬಂದೆವು.

"ಬ್ಯಾಟರಿ ಹೊಸದು, ಡೈನಮೋ ಚೆನ್ನಾಗಿದೆ, ಹಗಲು ಯಾವುದೂ ಕರೆಂಟು ಎಳೀತಿಲ್ಲ. ಅಂದ್ರೆ ಯಾರೋ ರಾತ್ರಿ ಏನೋ ಹಾಕಿ, ಬೆಳಗಾಗೋ ಮುಂಚೆ ಆರಿಸ್ತಾರೆ. ಕೀಲಿ ಈ ಮನೇಲೇ ಇರುತ್ತೆ, ಆಗ ಹುಡುಗ ಇಲ್ಲಿರಲ್ಲ."

"ಬ್ಯಾಟರಿ ಚಳಿಗೆ ಸತ್ತಿರಬೇಕು ಬಿಡಿ," ಯಜಮಾನರ ದನಿ ಇದ್ದಕ್ಕಿದ್ದಂತೆ ಇಳಿಯಿತು.

"ಹೊಸ ಬ್ಯಾಟರಿ ಬರೀ ಚಳಿಗೆ ಹೀಗೆ ಸಾಯಲ್ಲ. ಆದರೆ ಚಳಿಗೆ ಹಿಟ್ಟು ಹುದುಗಲ್ಲ, ಅಲ್ವಾ? ಒಲೆ ಆರಿದ ಮೇಲೆ, ಬ್ರೆಡ್ಡು ಹುದುಗಿಸೋ ಹುಳಿಹಿಟ್ಟಿನ ಜಾಡಿಗೆ ಕಾವು ಬೇಕು. ವ್ಯಾನಿನ ದೀಪ ಹಾಕಿ, ಪಕ್ಕದಲ್ಲಿ ಜಾಡಿ ಇಟ್ಟು, ಮೇಲೆ ರಗ್ಗು ಹೊದಿಸಿದ್ದು ಯಾರು? ಈ ಮನೇಲಿ ಎಲ್ಲರಿಗಿಂತ ಮೊದಲು ಏಳೋರು ಯಾರು?"

ಎಲ್ಲರ ಕಣ್ಣೂ ಯಜಮಾನರ ಮೈದಾ ಮೆತ್ತಿದ ಹೆಬ್ಬೆರಳಿನ ಮೇಲೆ ಬಿತ್ತು. ನನಗೆ ಕುಣಿಯುವಂತಾಯಿತು!

"ಅಷ್ಟು ಸಣ್ಣ ಬಲ್ಬು..." ಅವರು ತೊದಲಿದರು. "ನಮ್ಮಪ್ಪನ ಕಾಲದಿಂದ ದಿನಾ ಸ್ವಲ್ಪ ಉಳಿಸಿ ಬೆಳೆಸಿಕೊಂಡು ಬಂದ ಹುಳಿಹಿಟ್ಟು ಅದು. ಎದುರಿನವನ ಕೈಗೆ ಸಿಕ್ಕೀತು ಅಂತ, ಎಲ್ಲಿಡ್ತೀನಿ ಅಂತ ಇವಳಿಗೂ ಹೇಳಿಲ್ಲ."

"ಸಣ್ಣದೇ. ಆದರೆ ರಾತ್ರಿಯಿಡೀ ಉರಿಯುತ್ತೆ. ವ್ಯಾನ್ ಓಡೋದು ನಾಲ್ಕು ಬೀದಿ, ಅಂಗಡಿಗೊಂದು ಸಲ ನಿಲ್ಲಿಸಿ ಮತ್ತೆ ಸ್ಟಾರ್ಟು. ಖರ್ಚಾಗಿದ್ದು ತುಂಬೋದು ಯಾವಾಗ?"

"ನನ್ನ ರಗ್ಗು!" ಎಂದಳು ಹೆಂಡತಿ. ಆಮೇಲೆ ತಮ್ಮನ ಕಡೆ ನೋಡಿ ಅತ್ತುಬಿಟ್ಟಳು.

ಯಜಮಾನರು ಕೀಲಿಯನ್ನು ಭಾವಮೈದುನನ ಕೈಗೆ ಇಟ್ಟರು. ತಲೆ ಎತ್ತಲಿಲ್ಲ. ಬಿಸಿ ಬ್ರೆಡ್ಡು ತುಂಬಿ ಅವನು ಕೀಲಿ ತಿರುಗಿಸಿದ. ಬ್ಯಾಟರಿ ಇನ್ನೂ ತುಂಬಿರಲಿಲ್ಲ, ಮತ್ತೆ ಅದೇ ಟಕ್ ಟಕ್. ನಾನು ಕೇಬಲ್ ತರಲು ಹೊರಟರೆ ದೊಡ್ಡಮ್ಮ ನನ್ನ ಸೆರಗು ಹಿಡಿದು ನಿಲ್ಲಿಸಿದಳು.

ಯಜಮಾನರಿಗೆ ಅರ್ಥವಾಯಿತು. ಅಂಗಿಯ ತೋಳು ಮಡಿಸಿ, ವ್ಯಾನಿನ ಹಿಂದೆ ಹೋಗಿ ಹೆಗಲು ಕೊಟ್ಟರು.

"ಭಾವ, ಇನ್ನೂ ಜೋರಾಗಿ!" ಎಂದು ಒಳಗಿನಿಂದ ತಮ್ಮ ಕೂಗಿದ.

ಎದುರು ಬೇಕರಿಯವರು ಬಾಗಿಲಿಗೆ ಬಂದು ನೋಡುತ್ತಿದ್ದರೂ ಯಜಮಾನರು ತಳ್ಳುವುದನ್ನು ನಿಲ್ಲಿಸಲಿಲ್ಲ.