ದಾಹಕ್ಕೆ ಕೊಟ್ಟ ಹಣ್ಣು

ಕಲ್ಲಂಗಡಿ ಬಳ್ಳಿ ಚಿವುಟಿದಾಗ ಏಳುವ ಹಸಿ ವಾಸನೆ... ವಿಶಾಖಾಳಿಗೆ ಅದು ಅವ್ವನ ಬೆರಳಿನ ವಾಸನೆ. ಆ ಕೈಯಿಂದಲೇ ಜಡೆ ಹಾಕಿಸಿಕೊಂಡು ಅವಳು ಶಾಲೆಗೆ ಓಡುತ್ತಿದ್ದಳು.

ಈಗ ಮಾನ್ವಿಯಲ್ಲಿ ತಾನೇ ಟೀಚರ್. ಆದರೂ ಆ ಭಾನುವಾರ ತನ್ನೂರು ಚೀಕಲಪರ್ವಿಯ ಹೊಳೆ ಉಸುಕಿನಲ್ಲಿ ಆ ವಾಸನೆ ಮೂಗಿಗೆ ಬಿದ್ದೊಡನೆ ತಿರುಗಿ ನೋಡಿದಳು.

ಯಾರೋ ಬಳ್ಳಿ ತುಳಿದಿದ್ದರು!

ಫೈಲು ಹಿಡಿದ ಎತ್ತರದ ಯುವಕ. ಅವನ ಹಿಂದೆ ಅಳತೆಯ ಟೇಪು ಹಿಡಿದ ನಾಲ್ವರು.

“ಸಾಹೇಬ್ರ, ನೀವು ನಿಂತಿದ್ದು ಬರೇ ಉಸುಕಲ್ಲ. ನಮ್ಮ ಬ್ಯಾಸಗಿ ಊಟ” ಎಂದಳು ವಿಶಾಖಾ.

ಗಾಬರಿಯಿಂದ ಹಿಂದೆ ಸರಿದವನು ಇನ್ನೊಂದು ಬಳ್ಳಿಯ ಮೇಲೆ ಕಾಲಿಟ್ಟ. ವಿಶಾಖಾಳ ತಾಯಿ ಸೂಗಮ್ಮ ನಕ್ಕುಬಿಟ್ಟಳು. “ಯಪ್ಪಾ, ಕುಣೀಬ್ಯಾಡ. ನಿಂತಲ್ಲೇ ನಿಂದ್ರು” ಎಂದು ಅವನ ಕೈ ಹಿಡಿದು ದಾರಿಗೆ ತಂದಳು. ಬಿಸಿಲಿಗೆ ಬಾಡಿದ ಐವರ ಮುಖ ನೋಡಿ ಒಂದು ಹಣ್ಣು ಕೊಯ್ದು ತಂದಳು. ಅವನು ಎರಡೂ ಕೈ ಚಾಚಿ ತೆಗೆದುಕೊಂಡ.

ಹೆಸರು ಬಸವಪ್ರಸಾದ, ಊರು ಕಲ್ಮಲ. ಸರ್ಕಾರಿ ಕಚೇರಿಯಲ್ಲಿ ಗುತ್ತಿಗೆಯ ಟೈಪಿಸ್ಟ್. ಅವರೆಲ್ಲ ಬಂದ ಕಾರಣವನ್ನೂ ಅವನೇ ಮುಚ್ಚಿಡದೆ ಹೇಳಿದ. ಒಂದು ಕಂಪನಿ ಈ ದಂಡೆಯಲ್ಲಿ ಕಲ್ಲಿದ್ದಲು ರಾಶಿ ಹಾಕಿ, ದೋಣಿಗಳಿಗೆ ತುಂಬಿ, ಹೊಳೆಗುಂಟ ಬಂದರಿಗೆ, ಅಲ್ಲಿಂದ ಹೊರದೇಶಕ್ಕೆ ಕಳಿಸಲಿದೆಯಂತೆ.

ಹೊಲವಿಲ್ಲದ ಅರವತ್ತು ಮನೆಗಳಿಗೆ ಆ ಉಸುಕೇ ಹೊಲ.

ಮುಂದಿನ ಭಾನುವಾರ ಅವನು ಒಬ್ಬನೇ ಬಂದ. ಊರವರ ತಕರಾರು ಅರ್ಜಿ ಬರೆಯಲು ನೆರವಾದ. ಅದರ ಮುಂದಿನ ಭಾನುವಾರ ಬರೆಯುವುದೇನೂ ಇರಲಿಲ್ಲ... ಆದರೂ ಬಂದ. ವಿಶಾಖಾ ಯಾಕೆಂದು ಕೇಳಲಿಲ್ಲ. ಕೇಳಿದರೆ ನಿಲ್ಲಿಸಿಬಿಟ್ಟಾನು ಎಂಬ ಭಯ!

ಆಮೇಲೆ ಕಂಪನಿಯ ಕರಪತ್ರ ಬಂತು.

‘ಯೋಜನೆಗೆ ಗ್ರಾಮಸ್ಥರ ಸಿಹಿ ಸ್ವಾಗತ.’ ಕೆಳಗೆ ಫೋಟೊ. ಹಣ್ಣು ಕೊಡುತ್ತಿರುವ ಸೂಗಮ್ಮ, ಎರಡೂ ಕೈ ಚಾಚಿದ ಬಸವಪ್ರಸಾದ.

ವಿಶಾಖಾಳ ಎದೆ ಕಲ್ಲಾಯಿತು. ಫೋಟೊ ತೆಗೆದವರು ಅಳತೆಗೆ ಬಂದ ಕಂಪನಿಯವರು, ತನಗೆ ಗೊತ್ತೇ ಇರಲಿಲ್ಲ ಎಂದು ಅವನು ಎಷ್ಟು ಹೇಳಿದರೂ ಅವಳು ಕೇಳಲಿಲ್ಲ.

“ನಮ್ಮವ್ವನ ಕೈ ಮಾರಿದ್ರಿ. ಇನ್ನ ಈ ಉಸುಕಿಗೆ ಬರಬ್ಯಾಡ್ರಿ.”

ಯೋಜನೆಯ ಬಗ್ಗೆ ಸರ್ಕಾರದ ಅಹವಾಲು ಸಭೆ ಮಾನ್ವಿಯಲ್ಲಿ. ಊರಿಗೆ ಊರೇ ಬಂದಿತ್ತು. ಅಂಗಳದಲ್ಲಿ ಕಂಪನಿಯ ಪಲಾವು ಘಮಘಮಿಸುತ್ತಿತ್ತು, ಯಾರೂ ಮುಟ್ಟಲಿಲ್ಲ. ವೇದಿಕೆಯ ಮೂಲೆಯಲ್ಲಿ ಮಾತುಗಳನ್ನು ಬರೆದುಕೊಳ್ಳಲು ಕುಳಿತವನು... ಬಸವಪ್ರಸಾದ!

ಸೂಗಮ್ಮನ ಸರದಿ ಬಂದಾಗ ಅವನು ಎದ್ದುಬಂದು ಮೈಕನ್ನು ಅವಳ ಬಾಯಿಯ ಎತ್ತರಕ್ಕೆ ಇಳಿಸಿ ಹೋದ. ವಿಶಾಖಾ ನೋಡಿದರೂ ನೋಡದಂತಿದ್ದಳು.

ಕಲ್ಲಿದ್ದಲು ಬೇಡವೆಂದು ಸೂಗಮ್ಮ ಹೇಳಿ ಮುಗಿಸುವ ಮೊದಲೇ ಕಂಪನಿಯವನು ಕರಪತ್ರ ಎತ್ತಿ ಹಿಡಿದ. ಹಣ್ಣು ಕೊಟ್ಟು ಸ್ವಾಗತಿಸಿದ್ದು ಇದೇ ಅಮ್ಮನಲ್ಲವೇ ಎಂದ.

“ಕೊಟ್ಟಿದ್ದು ಖರೇ ಅದ ರೀ” ಎಂದಳು ಸೂಗಮ್ಮ. ಸುಳ್ಳು ಹೇಳಿ ಗೊತ್ತಿಲ್ಲದವಳು. ಊರನ್ನು ಮುಳುಗಿಸಿದ್ದು ತಾನೇ ಎಂಬಂತೆ ತಲೆ ತಗ್ಗಿಸಿದಳು.

ಬಸವಪ್ರಸಾದ ಪೆನ್ನು ಕೆಳಗಿಟ್ಟ.

ಅವನು ಸಿಬ್ಬಂದಿ, ಮಾತಾಡುವಂತಿಲ್ಲ ಎಂದರು ಸಭೆ ನಡೆಸುತ್ತಿದ್ದ ಅಧಿಕಾರಿ.

“ಪೆನ್ನು ಇಟ್ಟೀನಿ ರೀ ಮೇಡಂ. ಈಗ ನಾನೂ ಅಲ್ಲಿದ್ದ ಒಬ್ಬ ಮನಷ್ಯಾ” ಎಂದು ಅವನು ಸೂಗಮ್ಮನ ಪಕ್ಕಕ್ಕೆ ಬಂದು ನಿಂತ. “ಈ ಫೋಟೊದಾಗಿರೋ ಕೈ ನಂದು. ನನಗ ನೀರಡಿಕಿ ಆಗಿತ್ತು, ಈ ಯವ್ವ ಹಣ್ಣು ಕೊಟ್ಲು. ಕಂಪನಿ ಹೆಸರು ಆಗಿನ್ನೂ ಯಾರೂ ಎತ್ತಿರಲಿಲ್ಲ. ಬಂದೋರಿಗೆ ಹಣ್ಣು ಕೊಟ್ರ ಹೊಳಿ ಕೊಟ್ಟಂಗ ಆಗತದೇನ್ರಿ?”

ಅಧಿಕಾರಿ ಪೆನ್ನು ಎತ್ತಿಕೊಂಡು ಆ ಮಾತನ್ನು ತಾವೇ ಬರೆದರು. ಕೊನೆಗೆ ಎಲ್ಲರ ಹೇಳಿಕೆಗಳನ್ನೂ ಓದಿಸಿ ಸಹಿ ಹಾಕಿದರು. ಈ ದಂಡೆಗೆ ಯೋಜನೆ ಬೇಡವೆಂದೇ ಶಿಫಾರಸು ಮಾಡುವುದಾಗಿ ಹೇಳಿದಾಗ ಎದ್ದ ಚಪ್ಪಾಳೆ! ಪಕ್ಕದ ಮನೆಯ ಮಹಬೂಬೀ ಸೂಗಮ್ಮನನ್ನು ತಬ್ಬಿಕೊಂಡು ಅತ್ತೇ ಬಿಟ್ಟಳು.

ಜನ ಕರಗಿದ ಮೇಲೆ ವಿಶಾಖಾ ಅವನನ್ನು ಹುಡುಕಿದಳು. ಹಿತ್ತಲಿನ ಬೇವಿನ ಕೆಳಗೆ ಒಬ್ಬನೇ ಕುಳಿತಿದ್ದ. ಸೋಮವಾರದಿಂದ ಕೆಲಸಕ್ಕೆ ಬರಬೇಡವೆಂದಿದ್ದಾರಂತೆ. ನಗುತ್ತಲೇ ಹೇಳಿದ.

“ನಂದ ತಪ್ಪಾತು” ಎಂದಳು. “ನಿಮ್ಮ ಮಾತು ಕೇಳಬೇಕಿತ್ತು.”

“ಒಂದು ಮಾತು ಇನ್ನೂ ಉಳದದ. ಮನ್ಯಾಗ ಅವ್ವಗ ನಿಮ್ಮ ಹೆಸರು ಹೇಳೀನಿ.”

ವಿಶಾಖಾಳ ಕಿವಿ ಬಿಸಿಯಾಯಿತು. ಅವರ ಜಾತಿ, ಮನೆತನ ಯಾವುದು, ತನ್ನದು ಯಾವುದು... “ಏನಂದ್ರು?”

“ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ, ಆ ಹುಡುಗಿ ರೊಟ್ಟಿ ಬಡಿತಾಳೇನು ಅಂತ ಕೇಳಿದ್ಲು.”

“ನನ್ನ ರೊಟ್ಟಿ ಹರೀತಾವಂತ ಹೇಳ್ರಿ.”

“ಹರದದ್ದೂ ಹೊಟ್ಟಿ ತುಂಬತದ.”

ಬೆಳಗಿನಿಂದ ಅವನೂ ಏನೂ ತಿಂದಿಲ್ಲವೆಂಬುದು ಆಗ ಅವಳಿಗೆ ಹೊಳೆಯಿತು. ಪಕ್ಕದಲ್ಲಿ ಕುಳಿತಳು. ಚೀಲದಿಂದ ತನ್ನ ಬುತ್ತಿ ತೆಗೆದು, ಗಂಟು ಬಿಚ್ಚಿ, ಅವನ ಕೈಗಿಟ್ಟಳು.